ಗುಳೆ ಹೋದ ಹೆಂಗಸರನ್ನು ಕಾರಣ ಕೇಳಿದರೆ ಎಲ್ಲರೂ "ಮದುವೆ" ಅನ್ನುತ್ತಾರೆ. ಪ್ರಶ್ನೆ ಹೇಗೆ ಕೇಳಬೇಕು?

ಜಗಳೂರಿನವಳು
ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಸಮಾಜಶಾಸ್ತ್ರ ಕೊನೇ ವರ್ಷ ಓದುತ್ತಿದ್ದೇನೆ. ವಲಸೆ ಮತ್ತು ಕುಟುಂಬದ ಬಗ್ಗೆ ಕಿರು ಪ್ರಬಂಧ ಬರೆಯಬೇಕು. ನಮ್ಮ ಜಗಳೂರು ಕಡೆ ಮಳೆ ಕೈಕೊಟ್ಟ ವರ್ಷ ಲಂಬಾಣಿ ತಾಂಡಾಗಳಿಂದ, ಹಳ್ಳಿಗಳಿಂದ ಜನ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ನಿಮಗೆಲ್ಲ ಗೊತ್ತಿರುವ ಗುಳೆ.

ನನ್ನ ಪ್ರಶ್ನಾವಳಿಯಲ್ಲಿ "ಊರು ಬಿಡಲು ಕಾರಣ ಏನು" ಅಂತ ಒಂದು ಪ್ರಶ್ನೆ ಇದೆ. ಕೆಲಸ, ಓದು, ಮದುವೆ, ಮನೆಯವರ ಜೊತೆ, ಇತರೆ. ಒಂದಕ್ಕೆ ಮಾತ್ರ ಗುರುತು ಹಾಕಬೇಕು. ಗಂಡಸರೆಲ್ಲ ಕೆಲಸ ಅಂದರು. ಹೆಂಗಸರೆಲ್ಲ ಮದುವೆ, ಇಲ್ಲ ಮನೆಯವರ ಜೊತೆ ಅಂದರು. ಆದರೆ ಇದೇ ಹೆಂಗಸರು ಬೆಳಗ್ಗೆಯಿಂದ ಸಂಜೆವರೆಗೆ ಕಾಫಿ ಹಣ್ಣು ಬಿಡಿಸುತ್ತಾರೆ. ಗಂಡನಿಗಿಂತ ಜಾಸ್ತಿ ಬಿಡಿಸುವವರೂ ಇದ್ದಾರೆ.

ಗೈಡ್ ಹತ್ತಿರ ಹೇಳಿದೆ. "ಬಂದ ಉತ್ತರ ಬಂದ ಹಾಗೆ ಹಾಕಿ, ದೇಶದ ಅಂಕಿ ಅಂಶವೂ ಹಾಗೇ ಇದೆ" ಅಂದರು. ಅದು ನಿಜ. 2020-21ರ ಪಿಎಲ್‌ಎಫ್‌ಎಸ್ (ಕೇಂದ್ರ ಸರ್ಕಾರದ ಕಾರ್ಮಿಕ ಬಲ) ಸಮೀಕ್ಷೆಯಲ್ಲಿ ಊರು ಬದಲಿಸಿದ ಹೆಂಗಸರಲ್ಲಿ ನೂರಕ್ಕೆ 86.8 ಮಂದಿಯ ಕಾರಣ ಮದುವೆ. ಆದರೂ ನನಗೆ ಸಮಾಧಾನ ಇಲ್ಲ. ಹೀಗೇ ಬರೆದರೆ ಆ ಹೆಂಗಸರ ದುಡಿಮೆ ಪೂರ್ತಿ ಮರೆಯಾಗುತ್ತದೆ.

ಇನ್ನೊಂದು ವಿಷಯ. ಹೊರದೇಶದ ವಲಸೆ ಬಗ್ಗೆ ತುಂಬಾ ಸಂಶೋಧನೆ ಓದುತ್ತಿದ್ದೇನೆ. ಅದೆಲ್ಲ ನಮ್ಮ ಕಡೆಗೆ ಹೊಂದುತ್ತದಾ ಅನ್ನೋದು ಅನುಮಾನ. ನಿಮ್ಮ ಮನೆಗಳಲ್ಲಿ ಯಾರಾದರೂ ತೋಟಕ್ಕೆ, ಬೆಂಗಳೂರಿಗೆ, ಗಲ್ಫ್‌ಗೆ, ಅಮೆರಿಕಕ್ಕೆ ಹೋಗಿದ್ದರೆ ಹೇಳಿ. ಹೋದ ಮೇಲೆ ಅಡುಗೆ ಯಾರು ಮಾಡುತ್ತಾರೆ? ದುಡ್ಡು ಯಾರ ಕೈಯಲ್ಲಿ ಇರುತ್ತದೆ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಬೆಣ್ಣೆದೋಸೆ
ಅವರೇ ಮದುವೆ ಅಂದ ಮೇಲೆ ಮದುವೆನೇ ಅಲ್ವಾ? ಇದರಲ್ಲಿ ಸಮಸ್ಯೆ ಏನು?

ದುರ್ಗದ ಮೇಷ್ಟ್ರು
ಅಮ್ಮಾ, ನಿನ್ನ ಅನುಮಾನ ಸರಿಯಾಗಿಯೇ ಇದೆ. ಬಿಡಬೇಡ.

ಇದು ಇವತ್ತಿನ ತಕರಾರಲ್ಲ. 1885ರಲ್ಲಿ ರಾವೆನ್‌ಸ್ಟೈನ್ ಅನ್ನುವವರು ಬ್ರಿಟನ್ನಿನ ಜನಗಣತಿ ಹಿಡಿದು ವಲಸೆಯ ನಿಯಮಗಳನ್ನು ಬರೆದರು. ಹತ್ತಿರದ ಊರುಗಳಿಗೆ ಹೋಗುವುದರಲ್ಲಿ ಗಂಡಸರಿಗಿಂತ ಹೆಂಗಸರೇ ಮುಂದೆ ಅಂತ ಆಗಲೇ ಹೇಳಿದ್ದರು. ಮನೆಗೆಲಸಕ್ಕೆ ಮಾತ್ರ ಅಲ್ಲ, ಕಾರ್ಖಾನೆ ಊರುಗಳಿಗೂ ಹೋಗುತ್ತಾರೆ ಅಂದಿದ್ದರು. ಆಮೇಲೆ ಬಂದವರು ಅದನ್ನು ಮರೆತರು. ವಲಸಿಗ ಅಂದರೆ ಗಂಡಸು, ಹೆಂಡತಿ ಮಕ್ಕಳು ಅವನ ಹಿಂದೆ ಬರುವವರು ಅಂತ ದಶಕಗಟ್ಟಲೆ ಬರೆದರು. 1984ರಲ್ಲಿ ಮಿರ್ಯಾನಾ ಮೊರೊಕ್ವಾಸಿಚ್ ಅನ್ನುವ ಸಮಾಜಶಾಸ್ತ್ರಜ್ಞೆ ಇದನ್ನೇ ಎತ್ತಿ ಕೇಳಿದರು. ಯುರೋಪಿನ ಕಾರ್ಖಾನೆಗಳಲ್ಲಿ ವಲಸೆ ಬಂದ ಹೆಂಗಸರು ದುಡಿಯುತ್ತಿದ್ದರೂ ಬರವಣಿಗೆಯಲ್ಲಿ ಅವರು ಯಾಕಿಲ್ಲ ಅಂತ.

ನಮ್ಮ ದೇಶದಲ್ಲಿ ದೆಹಲಿಯ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರದ ಇಂದ್ರಾಣಿ ಮಜುಂದಾರ್, ನೀತಾ ಎನ್., ಇಂದು ಅಗ್ನಿಹೋತ್ರಿ ಇದೇ ಕೆಲಸ ಮಾಡಿದ್ದಾರೆ. ಸರ್ಕಾರಿ ಸಮೀಕ್ಷೆ ಒಂದೇ ಕಾರಣ ಬರೆದುಕೊಳ್ಳುತ್ತದೆ, ಹಾಗಾಗಿ ಮದುವೆಯ ಕೆಳಗೆ ದುಡಿಮೆ ಮುಚ್ಚಿಹೋಗುತ್ತದೆ ಅನ್ನುವುದು ಅವರ ವಾದ. ನಿನ್ನ ತಾಂಡಾದಲ್ಲಿ ಆದದ್ದು ಅದೇ. ಗೈಡ್‌ಗೆ ಅವರ ಲೇಖನ ತೋರಿಸು.

ಬೆಣ್ಣೆದೋಸೆ
ಮೇಷ್ಟ್ರೇ, ಹಾಗಾದರೆ ಹೆಂಗಸರು ಸುಳ್ಳು ಹೇಳುತ್ತಿದ್ದಾರೆ ಅಂತಲಾ? ಅವರ ಬಾಯಲ್ಲಿ ಬಂದ ಮಾತನ್ನು ತಿದ್ದಲು ಓದಿದವರಿಗೆ ಏನು ಹಕ್ಕಿದೆ? ಇದನ್ನು ನಾನು ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ದುರ್ಗದ ಮೇಷ್ಟ್ರು
ಸುಳ್ಳು ಅಂತ ಯಾರಂದರು? ಮದುವೆಯೂ ನಿಜ, ಕೆಲಸವೂ ನಿಜ. ಒಂದಕ್ಕೆ ಮಾತ್ರ ಗುರುತು ಹಾಕು ಅಂದವರು ನಾವು. ತಪ್ಪು ಇರುವುದು ನಮ್ಮ ಹಾಳೆಯಲ್ಲಿ.

ತಾಂಡಾದ ಮಗಳು
ನಾನು ಆ ತಾಂಡಾಗಳಲ್ಲೇ ಬೆಳೆದವಳು. ನಮ್ಮ ಯಾಡಿ, ಅಂದರೆ ಅಮ್ಮ, ಈಗಲೂ ತೋಟಕ್ಕೆ ಹೋಗುತ್ತಾಳೆ. ಅವಳನ್ನು ಕೇಳಿದರೂ ಮದುವೆ ಅಂತಲೇ ಹೇಳುತ್ತಾಳೆ. ಯಾಕೆ ಗೊತ್ತಾ? ಫಾರಂ ಹಿಡಿದು ಬಂದವರ ಮುಂದೆ "ನಾನು ದುಡಿಯೋಕೆ ಹೋಗಿದ್ದೆ" ಅಂದರೆ ಗಂಡ ಸಾಕಲಿಲ್ಲ ಅನ್ನುವ ಮಾತು ಬರುತ್ತದೆ. ಮನೆ ಮಾನದ ಪ್ರಶ್ನೆ. ಅದೂ ಅಲ್ಲದೆ ನೀವು ಕೇಳುವಾಗ ಗಂಡ, ಮೈದುನ, ಮಾವ ಎಲ್ಲ ಪಕ್ಕದಲ್ಲೇ ನಿಂತಿರುತ್ತಾರೆ. ಅವಳು ಬೇರೆ ಏನು ಹೇಳಬೇಕು?

ಬೆಣ್ಣೆದೋಸೆ ಅವರೇ, ನಿಮ್ಮ ಪ್ರಶ್ನೆ ಒಳ್ಳೆಯದು. ಆದರೆ ನಮ್ಮ ಯಾಡಿ ಬಾಯಲ್ಲಿ ಒಂದೇ ಮಾತಿಲ್ಲ. ನೀರಿಗೆ ಹೋದಾಗ ಅಕ್ಕಪಕ್ಕದವರ ಜೊತೆ ಮಾತಾಡುವುದೆಲ್ಲ ತೂಕ, ರೇಟು, ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಕೊಟ್ಟ ಮುಂಗಡ, ಬಾಕಿ. ಅದೂ ಅವಳ ಮಾತೇ. ಅದನ್ನು ಯಾರು ಬರೆದುಕೊಳ್ಳುತ್ತಾರೆ?

ಬೆಣ್ಣೆದೋಸೆ
ಇದು ಒಪ್ಪುವ ಮಾತು.

ತೋಟದ ರೈಟರ್
ನಾನು ಹರಿಹರದವನು. ಮೂಡಿಗೆರೆ ಕಡೆ ಎಸ್ಟೇಟ್ ಒಂದರಲ್ಲಿ ರೈಟರ್ ಕೆಲಸ ಮಾಡಿದ್ದೇನೆ. ಲೆಕ್ಕ ಹೇಗೆ ಬರೆಯುತ್ತಾರೆ ಅಂತ ಹೇಳುತ್ತೇನೆ, ತಂಗಿಗೆ ಉಪಯೋಗ ಆಗಬಹುದು.

ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ಆಮೇಲೆ ರೋಬಸ್ಟಾ, ಅದು ಮಾರ್ಚ್‌ವರೆಗೂ ಎಳೆಯುತ್ತದೆ. ಹಣ್ಣು ಬಿಡಿಸುವುದಕ್ಕೆ ಕೆಜಿ ಲೆಕ್ಕ. ಸಂಜೆ ಚೀಲ ತೂಗುತ್ತಾರೆ. ನಾನಿದ್ದ ಕಡೆ ಗಂಡ ಹೆಂಡತಿ ಬಿಡಿಸಿದ್ದು ಒಂದೇ ಚೀಲಕ್ಕೆ ಬೀಳುತ್ತಿತ್ತು. ಪುಸ್ತಕದಲ್ಲಿ ಹೆಸರು ಗಂಡನದು. ಶಾಲೆಗೆ ರಜೆ ಇದ್ದಾಗ ಮಕ್ಕಳು ಆರಿಸಿದ್ದೂ ಅದೇ ಚೀಲಕ್ಕೆ. ವಾರದ ಖರ್ಚಿಗೆ ಸ್ವಲ್ಪ ಕೊಟ್ಟು, ಉಳಿದದ್ದನ್ನು ಮೇಸ್ತ್ರಿ ಮುಂಗಡಕ್ಕೆ ಹಿಡಿದುಕೊಂಡು ಕೊನೆಗೆ ಲೆಕ್ಕ ಮುಗಿಸುತ್ತಿದ್ದರು. ಆ ಲೆಕ್ಕಕ್ಕೆ ಬರುವವರೂ ಗಂಡಸರೇ. ಹೆಂಗಸಿಗೆ ತಾನು ಎಷ್ಟು ಬಿಡಿಸಿದೆ ಅನ್ನುವುದು ಗೊತ್ತು, ತನಗೆ ಎಷ್ಟು ಬಂತು ಅನ್ನುವುದು ಗೊತ್ತಿಲ್ಲ.

ಸಂಜೆ ಕೂಲಿಯವರ ಲೈನ್ ಮನೆಗೆ ಬಂದ ಮೇಲೆ ಸೌದೆ, ನೀರು, ಅಡುಗೆ ಎಲ್ಲ ಅವಳದೇ. ಗಂಡಸರು ಬೆಂಕಿ ಹಾಕಿಕೊಂಡು ಕೂತಿರುತ್ತಾರೆ.

ಜಗಳೂರಿನವಳು
ರೈಟರ್ ಅಣ್ಣ, ತುಂಬಾ ಥ್ಯಾಂಕ್ಸ್. ಯಾರಾದರೂ ಹೆಂಗಸು "ನನ್ನ ಹೆಸರಲ್ಲಿ ಬೇರೆ ಬರೆಯಿರಿ" ಅಂತ ಕೇಳಿದ್ದು ಉಂಟಾ?

ತೋಟದ ರೈಟರ್
ಉಂಟು. ಗಂಡ ಕುಡಿಯುವವನಾದರೆ ಕೇಳುತ್ತಿದ್ದರು. ಗಂಡ ತೀರಿಕೊಂಡವರು, ಬಿಟ್ಟು ಬಂದವರು ಅಕ್ಕತಂಗಿಯರ ಜೊತೆ ಬಂದಿದ್ದರೆ ಅವರ ಹೆಸರಲ್ಲೇ ಲೆಕ್ಕ. ಅಂಥವರನ್ನು ಹುಡುಕಿ ಮಾತಾಡಿಸಿ. ಅವರಿಗೆ ಮದುವೆ ಅಂತ ಗುರುತು ಹಾಕಿಸೋಕೆ ಆಗಲ್ಲ.

ಭಟ್ಟಿ ಮನೆ
ದಾವಣಗೆರೆ ಮಂಡಕ್ಕಿ ಭಟ್ಟಿಗಳಲ್ಲೂ ಇದೇ ಕಥೆ. ಕೂಲಿ ಮನೆ ಮಂದಿಗೆಲ್ಲ ಸೇರಿ. ಕೆಲಸ ಎಲ್ಲರದು, ಹೆಸರು ಒಬ್ಬರದು.

ಬಯಲುಸೀಮೆ
ಇದೆಲ್ಲ ಸರಿ. ಮೊದಲು ಗುಳೆ ಹೋಗೋದೇ ತಪ್ಪಬೇಕು. ಜಗಳೂರಿಗೆ 57 ಕೆರೆ ತುಂಬಿಸುವ ಯೋಜನೆ ಬಂತು, ತುಂಗಭದ್ರಾ ನೀರು ಬಂತು. ಭದ್ರಾ ಮೇಲ್ದಂಡೆ ಪೂರ್ತಿಯಾದರೆ ಚಿತ್ರದುರ್ಗಕ್ಕೂ ನೀರು. ಹೊಲದಲ್ಲಿ ನೀರಿದ್ದರೆ ಯಾರು ತೋಟಕ್ಕೆ ಹೋಗುತ್ತಾರೆ? ಸಂಶೋಧನೆ ಮಾಡೋರು ನೀರಿನ ಬಗ್ಗೆ ಮಾಡಲಿ.

ತಾಂಡಾದ ಮಗಳು
ಹೊಲ ಇದ್ದವರಿಗೆ ನೀರು ಬಂದರೆ ಅನುಕೂಲ. ನಮ್ಮ ಯಾಡಿ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ. ಕೆರೆ ತುಂಬಲಿ, ನಾನು ಬೇಡ ಅನ್ನಲ್ಲ. ಆದರೆ ಭೂಮಿ ಇಲ್ಲದವರು ಆಗಲೂ ಕೂಲಿಗೇ ಹೋಗಬೇಕು, ಇಲ್ಲಿ ಅಥವಾ ಅಲ್ಲಿ.

ನ್ಯೂಜೆರ್ಸಿಯಿಂದ
ನಾನು ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಕಾಫಿ ತೋಟದ ಕಷ್ಟಕ್ಕೂ ನನ್ನದಕ್ಕೂ ಹೋಲಿಕೆ ಇಲ್ಲ. ಆದರೆ "ಕಾರಣ: ಮದುವೆ" ಅನ್ನುವುದನ್ನು ಓದಿ ಬರೆಯಲೇಬೇಕು ಅನ್ನಿಸಿತು.

ದಾವಣಗೆರೆಯಲ್ಲೇ ಬಿ.ಇ. ಮಾಡಿದೆ. ಬೆಂಗಳೂರಿನಲ್ಲಿ ಕೆಲಸ ಇತ್ತು, ಸಂಬಳ ಇತ್ತು. ಮದುವೆಯಾಗಿ ಎಚ್4 ವೀಸಾದಲ್ಲಿ ಬಂದೆ. ಎಚ್1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರ ಹೆಂಡತಿ ಅಥವಾ ಗಂಡನಿಗೆ ಕೊಡುವ ವೀಸಾ ಅದು. ಆಗ ಅದರಲ್ಲಿ ಕೆಲಸ ಮಾಡುವ ಹಾಗೇ ಇರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಸಡಿಲವಾಯಿತು. ಅದೂ ಎಲ್ಲರಿಗೂ ಅಲ್ಲ, ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರ ಹೆಂಡತಿ ಅಥವಾ ಗಂಡನಿಗೆ ಮಾತ್ರ. ಅಲ್ಲಿಯವರೆಗೆ ತರಕಾರಿ ತರುವುದಕ್ಕೂ ಗಂಡನ ಕಾರ್ಡ್. ಅವರು ಒಳ್ಳೆಯವರು, ಎಂದೂ ಲೆಕ್ಕ ಕೇಳಿದವರಲ್ಲ. ಆದರೆ ಕೈಯೊಡ್ಡುವುದು ಕೈಯೊಡ್ಡುವುದೇ. ನಾನು ತುಂಬಾ ಕುಗ್ಗಿಹೋಗಿದ್ದೆ.

ಊರಲ್ಲಿ ಎಲ್ಲರೂ "ನಿನಗೇನಮ್ಮಾ, ಅಮೆರಿಕ" ಅನ್ನುತ್ತಿದ್ದರು. ಅವರಿಗೆ ಏನಂತ ಹೇಳುವುದು?

ಜಗಳೂರಿನವಳು
ಅಕ್ಕಾ, ಹೋಲಿಕೆ ಇದೆ ಅಂತಲೇ ನನಗೆ ಅನ್ನಿಸುತ್ತದೆ. ದುಡಿಯುವ ಹೆಂಗಸನ್ನು "ಜೊತೆಗೆ ಬಂದವಳು" ಅಂತ ಬರೆದುಕೊಂಡಿದ್ದು ಎರಡೂ ಕಡೆ ನಡೆದಿದೆ. ತೋಟದಲ್ಲಿ ರೈಟರ್ ಪುಸ್ತಕ ಬರೆದುಕೊಂಡಿತು, ನಿಮ್ಮಲ್ಲಿ ವೀಸಾ ಬರೆದುಕೊಂಡಿತು.

ಕೋಟೆನಾಡು
ಗಂಡಸರ ಬಗ್ಗೆಯೂ ಸ್ವಲ್ಪ ಬರೆಯಿರಿ. ನಾವು ಹೊಳಲ್ಕೆರೆಯ ಹುಡುಗರು ಬೆಂಗಳೂರಿನ ಪೀಣ್ಯದಲ್ಲಿ ಒಂದೇ ರೂಮಲ್ಲಿ ಇದ್ದವರು. ಪಾಳಿ ಹಾಕಿಕೊಂಡು ಅಡುಗೆ, ಪಾತ್ರೆ, ಬಟ್ಟೆ ಎಲ್ಲ ನಾವೇ. ನಾನು ಮುದ್ದೆ ತೊಳಸುವುದು ಕಲಿತದ್ದು ಅಲ್ಲೇ. ಮದುವೆ ಆದ ಮೇಲೂ ಮಾಡುತ್ತೇನೆ. ಊರಿಗೆ ಹೋದಾಗ ಮಾತ್ರ ನಮ್ಮವ್ವ ಒಲೆ ಹತ್ತಿರ ಬಿಡಲ್ಲ. ಮಗ ಒಲೆ ಮುಂದೆ ಕೂತರೆ ಜನ ಏನಂತಾರೆ ಅನ್ನುತ್ತಾಳೆ.

ದುರ್ಗದ ಮೇಷ್ಟ್ರು
ಕೋಟೆನಾಡು ಹೇಳಿದ್ದನ್ನೇ ಕ್ಯಾಲಿಫೋರ್ನಿಯಾದಲ್ಲಿ ಕಂಡವರಿದ್ದಾರೆ. ಪಿಯೆರೆಟ್ ಹೊಂಡಗ್ನೂ-ಸೊಟೆಲೊ ಅಂತ. ಮೆಕ್ಸಿಕೊದಿಂದ ಬಂದ ಕುಟುಂಬಗಳ ಮಧ್ಯೆ ಇದ್ದು ಅಧ್ಯಯನ ಮಾಡಿದರು, ಅದು 1994ರಲ್ಲಿ ಪ್ರಕಟವಾಯಿತು. 1965ಕ್ಕೆ ಮುಂಚೆ ಒಬ್ಬೊಬ್ಬರೇ ಹೊರಟ ಗಂಡಸರು ವರ್ಷಗಟ್ಟಲೆ ಗಂಡಸರ ರೂಮುಗಳಲ್ಲಿ ಇದ್ದು ಅಡುಗೆ, ಬಟ್ಟೆ ಒಗೆಯುವುದು ಕಲಿತಿದ್ದರು. ಅತ್ತ ಊರಲ್ಲಿ ಹೆಂಡತಿಯರು ಒಬ್ಬರೇ ಮನೆ ನಡೆಸಿ ಧೈರ್ಯ ಕಂಡುಕೊಂಡಿದ್ದರು. ಮುಂದೆ ಎಲ್ಲ ಒಂದಾದಾಗ ಆ ಮನೆಗಳಲ್ಲಿ ಕೆಲಸ ಹಂಚಿಕೊಳ್ಳುವುದು ಜಾಸ್ತಿ ಇತ್ತು. ಆಮೇಲಿನ ಕಾಲದಲ್ಲಿ ಬಂದ ಮನೆಗಳಲ್ಲಿ ಅಷ್ಟು ಇರಲಿಲ್ಲ.

ಕೇರಳದಲ್ಲಿ ಲೀಲಾ ಗುಲಾಟಿ ಗಲ್ಫ್‌ಗೆ ಹೋದವರ ಹೆಂಡತಿಯರನ್ನು ಮಾತಾಡಿಸಿದರು. ಬ್ಯಾಂಕು, ಸಾಲ, ಮಕ್ಕಳ ಶಾಲೆ ಎಲ್ಲ ಆ ಹೆಂಗಸರೇ ನಿಭಾಯಿಸಲು ಕಲಿತಿದ್ದರು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದವರು 1998ರಲ್ಲಿ ಶುರು ಮಾಡಿದ ಕೇರಳದ ವಲಸೆ ಸಮೀಕ್ಷೆ ಆಮೇಲೂ ಮತ್ತೆ ಮತ್ತೆ ನಡೆದಿದೆ. ನಮ್ಮ ರಾಜ್ಯಕ್ಕೂ ಅಂಥದ್ದೊಂದು ಬೇಕು. ಗುಳೆಯ ಬಗ್ಗೆ ಇನ್ನೂ ಅಂದಾಜಿನಲ್ಲೇ ಮಾತಾಡುತ್ತಿದ್ದೇವೆ.

ನರ್ಸಕ್ಕ
ಗಂಡ ಹೋಗಿ ಹೆಂಡತಿ ಉಳಿದ ಕಥೆ ಹೇಳಿದಿರಿ ಮೇಷ್ಟ್ರೇ. ಹೆಂಡತಿ ಹೋದರೆ? ನಾನು ಕುವೈತ್‌ನಲ್ಲಿದ್ದೇನೆ. ಮಗಳು ಚಳ್ಳಕೆರೆಯಲ್ಲಿ ಅತ್ತೆ ಹತ್ತಿರ. ನನ್ನ ಗಂಡ ಊರಲ್ಲೇ ಇದ್ದಾರೆ, ಎಣ್ಣೆ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಆದರೆ ಮಗಳ ತಲೆ ಬಾಚುವುದು ಅತ್ತೆ. ಜ್ವರ ಬಂದರೆ ರಾತ್ರಿ ಎದ್ದು ಕೂರುವುದು ಅತ್ತೆ. ಅತ್ತೆಗೆ ಮಂಡಿನೋವು ಬಂದಾಗ ನಾದಿನಿ ಬಂದು ಇದ್ದಳು. ಅವಳ ಮನೆಯ ಕೆಲಸ ಆಗ ಅವಳ ಅತ್ತೆ ಮೇಲೆ ಬಿತ್ತು. ಗಂಡನ ಮೇಲೆ ಬೀಳಲಿಲ್ಲ. ಅವರು ಕೆಟ್ಟವರು ಅಂತಲ್ಲ. ಆ ಮನೆಯಲ್ಲಿ ಯಾರಿಗೂ ಅವರ ಕೈಗೆ ಬಾಚಣಿಗೆ ಕೊಡಬೇಕು ಅಂತ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

"ಮಗು ಬಿಟ್ಟು ಹೋದಳು" ಅಂತ ನನ್ನನ್ನು ಅಂದರು. ನಮ್ಮ ಬೀದಿಯಲ್ಲಿ ಮಕ್ಕಳನ್ನು ಬಿಟ್ಟು ದುಬೈಗೆ ಹೋದ ಗಂಡಸರು ಎಷ್ಟೋ ಜನ ಇದ್ದಾರೆ. ಅವರಿಗೆ ಒಬ್ಬರೂ ಆ ಮಾತು ಅಂದಿಲ್ಲ.

ಜಗಳೂರಿನವಳು
ನರ್ಸಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಫಿಲಿಪ್ಪೀನ್ಸ್‌ನ ತಾಯಂದಿರ ಬಗ್ಗೆ ರಾಸೆಲ್ ಪರೆನ್ಯಾಸ್ ಬರೆದಿರುವುದು ಇದನ್ನೇ. ತಾಯಿ ರೋಮ್‌ಗೆ, ಲಾಸ್ ಏಂಜಲೀಸ್‌ಗೆ ಮನೆಗೆಲಸಕ್ಕೆ ಹೋದರೆ ಊರಲ್ಲಿ ಮಕ್ಕಳ ಆರೈಕೆ ಅಪ್ಪನ ಕೈಗೆ ಬರಲ್ಲ. ಅಜ್ಜಿ, ಚಿಕ್ಕಮ್ಮ, ದೊಡ್ಡ ಮಗಳು ಹೊರುತ್ತಾರೆ. ಒಂದು ಮನೆಯ ಆರೈಕೆ ಇನ್ನೊಂದು ಮನೆಯ ಹೆಂಗಸಿನ ಮೇಲೆ, ಅವಳದು ಮತ್ತೊಬ್ಬಳ ಮೇಲೆ ಬೀಳುವುದನ್ನು ಆರ್ಲಿ ಹಾಕ್‌ಷೀಲ್ಡ್ 2000ರಲ್ಲಿ ಆರೈಕೆಯ ಸರಪಳಿ ಅಂತ ಕರೆದರು. ಚಳ್ಳಕೆರೆಯಲ್ಲಿ ನಿಮ್ಮ ಅತ್ತೆ, ನಾದಿನಿ, ನಾದಿನಿಯ ಅತ್ತೆ. ನನಗೆ ಇದು ಹೊಂದುತ್ತದಾ ಅನ್ನೋ ಅನುಮಾನ ಇತ್ತು. ಈ ಒಂದು ವಿಷಯ ಪೂರ್ತಿ ಹೊಂದುತ್ತದೆ.

ವಿದ್ಯಾನಗರ ಅಜ್ಜ
ನಮ್ಮಂಥ ವಯಸ್ಸಾದವರನ್ನು ಬಿಟ್ಟಿದ್ದೀರಿ. ಮಗಳು ಟೆಕ್ಸಾಸ್‌ನಲ್ಲಿ, ಮಗ ಟೊರಾಂಟೊದಲ್ಲಿ. ಮಗಳ ಬಾಣಂತನಕ್ಕೆ ನನ್ನ ಮನೆಯವರು ಹೋದರು. ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಆಮೇಲೆ ಸೊಸೆಯ ಬಾಣಂತನ, ಅಲ್ಲಿಗೂ ಹೋದರು. ದಾವಣಗೆರೆ ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ಮನೆ ಮನೆಯಲ್ಲೂ ಹೀಗೇ ಇದೆ. ಖಾರ, ಲೇಹ, ಮಗುವಿಗೆ ಎಣ್ಣೆ ಕಟ್ಟಿಕೊಂಡು ಹೋಗುವ ಅಮ್ಮಂದಿರು. ಇಲ್ಲಿ ನಾವು ಗಂಡಸರು ಖಾನಾವಳಿ ಊಟ.

ನನ್ನ ಕಷ್ಟ ಹೇಳಿಕೊಳ್ಳಲು ಬರೆಯುತ್ತಿಲ್ಲ. ಅರವತ್ತು ದಾಟಿದ ಹೆಂಗಸು ಚಳಿ ದೇಶಕ್ಕೆ ಹೋಗಿ ಅಡುಗೆ, ಮಗು, ಪಾತ್ರೆ ಮಾಡಿ ಬರುವುದನ್ನು "ಪ್ರವಾಸ" ಅಂತ ವೀಸಾದಲ್ಲಿ ಬರೆಯುತ್ತಾರೆ. "ಅಮೆರಿಕ ನೋಡಿ ಬಂದಿರಾ" ಅಂತ ಎಲ್ಲರೂ ಕೇಳುತ್ತಾರೆ. ಅವರು ನೋಡಿದ್ದು ಅಡುಗೆಮನೆ. ಮಗಳು ಕೆಲಸಕ್ಕೆ ವಾಪಸ್ ಹೋಗಲು ಆಗಿದ್ದು ಇವರಿಂದ. ಇದನ್ನು ಯಾವ ಸಮೀಕ್ಷೆ ಲೆಕ್ಕ ಹಾಕುತ್ತದೆ ತಾಯಿ?

ನ್ಯೂಜೆರ್ಸಿಯಿಂದ
ಅಜ್ಜ, ನಮ್ಮ ಅಮ್ಮನೂ ಹಾಗೇ ಬಂದು ಹೋದರು. ನಿಮ್ಮ ಮಾತು ಓದಿ ಅವರಿಗೆ ಈಗಷ್ಟೇ ಫೋನ್ ಮಾಡಿದೆ.

ಹಳ್ಳಿ ಹೈದ
ಎಲ್ಲ ಹೆಣ್ಣುಮಕ್ಕಳೂ ಓದಿ ಬೆಂಗಳೂರಿಗೆ, ಅಮೆರಿಕಕ್ಕೆ ಹೋದರೆ ಹಳ್ಳಿಯಲ್ಲಿ ವ್ಯವಸಾಯ ಮಾಡೋ ಹುಡುಗರ ಗತಿ ಏನು? ಹೊನ್ನಾಳಿ, ಚನ್ನಗಿರಿ ಕಡೆ ಅಡಿಕೆ ತೋಟ ಇದ್ದವನಿಗೂ ಹೆಣ್ಣು ಸಿಗುತ್ತಿಲ್ಲ. 2023ರಲ್ಲಿ ಮಂಡ್ಯದ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದರ ಬಗ್ಗೆ ಯಾಕೆ ಯಾರೂ ಸಂಶೋಧನೆ ಮಾಡಲ್ಲ?

ಗಾರ್ಮೆಂಟ್ಸ್ ಮನೆಯವಳು
ಯಾಕೆ ಕೊಡಬೇಕು ಹೇಳಿ? ನಮ್ಮಮ್ಮ ಹಿರಿಯೂರು ಕಡೆಯವಳು. ಹೊಲದಲ್ಲಿ ಗಂಡಸಿನ ಸಮ ಕೆಲಸ ಮಾಡಿದರೂ ಕೂಲಿ ಕಡಿಮೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ, ಹೊಲಕ್ಕೆ ಬರಲಿಲ್ಲ. ಅದಕ್ಕೇ ಬೆಂಗಳೂರಿಗೆ ಬಂದು ಗಾರ್ಮೆಂಟ್ಸ್ ಸೇರಿದಳು. ಅಲ್ಲಿ ಬೈಗುಳ ಇದೆ, ಟಾರ್ಗೆಟ್ ಇದೆ. ಆದರೆ ಸಂಬಳ ಅವಳ ಖಾತೆಗೆ ಬರುತ್ತದೆ. ಪಿಎಫ್ ಅವಳ ಹೆಸರಲ್ಲಿದೆ.

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡನ್ನು 58 ವರ್ಷದವರೆಗೆ ಪೂರ್ತಿ ತೆಗೆಯೋ ಹಾಗಿಲ್ಲ ಅನ್ನೋ ನಿಯಮ ಬಂದಾಗ ಬೆಂಗಳೂರಿನ ಬೀದಿಗಳು ತುಂಬಿಹೋದವು. ಸಾವಿರಾರು ಗಾರ್ಮೆಂಟ್ಸ್ ಹೆಂಗಸರು. ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ನಮ್ಮಮ್ಮನೂ ಹೋಗಿದ್ದಳು. ಪಿಎಫ್ ಅಂದರೆ ಅವಳಿಗೆ ನನ್ನ ಫೀಸು, ಅಕ್ಕನ ಮದುವೆ, ಊರ ಮನೆಯ ಚಾವಣಿ.

ನಮ್ಮಪ್ಪ ಯಾವಾಗಲೂ "ಊರಿಗೆ ಹೋಗಿಬಿಡೋಣ" ಅನ್ನುತ್ತಾರೆ. ಅಮ್ಮ ಮಾತ್ರ ಒಲ್ಲೆ ಅನ್ನುತ್ತಾಳೆ. ಬಾಡಿಗೆ ಮನೆಗೇ ಫ್ರಿಜ್ ತಂದಳು, ಮಂಚ ತಂದಳು. ಅಪ್ಪ ರೇಗಿದರು.

ದುರ್ಗದ ಮೇಷ್ಟ್ರು
ಆ ಫ್ರಿಜ್ ಜಗಳ ನ್ಯೂಯಾರ್ಕ್‌ನಲ್ಲೂ ನಡೆದಿದೆ! ಡೊಮಿನಿಕನ್ ಗಣರಾಜ್ಯದಿಂದ ಬಂದ ಕುಟುಂಬಗಳನ್ನು ಶೆರಿ ಗ್ರಾಸ್ಮಕ್, ಪೆಟ್ರೀಶಿಯಾ ಪೆಸ್ಸಾರ್ 1991ರಲ್ಲಿ ಹೀಗೇ ವಿವರಿಸಿದ್ದಾರೆ. ಗಂಡಸರು ದುಡ್ಡು ಕೂಡಿಸಿ ಬೇಗ ಊರಿಗೆ ಮರಳಬೇಕು ಅನ್ನುತ್ತಿದ್ದರು. ಹೆಂಗಸರು ಸೋಫಾ, ಮನೆ ಸಾಮಾನು ಕೊಳ್ಳುತ್ತಿದ್ದರು. ಒಮ್ಮೆ ಮನೆ ಬೇರೂರಿದರೆ ಹಿಂದಕ್ಕೆ ಹೋಗುವುದು ಕಷ್ಟ, ಹೋದರೆ ಸಂಬಳವೂ ಹೋಗುತ್ತದೆ, ಮನೆಯಲ್ಲಿ ಸಿಕ್ಕ ಮಾತೂ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಹಳ್ಳಿ ಹೈದ ಕೇಳಿದ್ದಕ್ಕೂ ಸಂಶೋಧನೆ ಇದೆ. ರವೀಂದರ್ ಕೌರ್ ಹರಿಯಾಣಕ್ಕೆ ಬಂಗಾಳ, ಅಸ್ಸಾಂ, ಕೇರಳದಿಂದ ಬರುವ ಸೊಸೆಯರ ಬಗ್ಗೆ ಬರೆದಿದ್ದಾರೆ. ಭಾಷೆ ಗೊತ್ತಿಲ್ಲ, ತವರು ಸಾವಿರಾರು ಕಿಲೋಮೀಟರ್ ದೂರ. ಅಲ್ಲಿ ಹೆಣ್ಣು ಭ್ರೂಣಗಳನ್ನು ತೆಗೆಸಿದ್ದರಿಂದ ಬಂದ ಕೊರತೆ ಅದು. ಆದ್ದರಿಂದ ಹುಡುಗಿಯರು ಓದುತ್ತಿದ್ದಾರೆ ಅಂತ ದೂರುವುದು ನ್ಯಾಯ ಅಲ್ಲ.

ಹಳ್ಳಿ ಹೈದ
ಓದಬೇಡಿ ಅಂತ ನಾನು ಹೇಳಿಲ್ಲ ಮೇಷ್ಟ್ರೇ. ನಮ್ಮಣ್ಣನಿಗೆ ನಲವತ್ತು ಹತ್ತಿರ ಬಂತು. ಪ್ರತಿ ಸಲ ಹೆಣ್ಣು ನೋಡಿ ಬಂದು ಅವನು ಊಟ ಮಾಡದೆ ಮಲಗುತ್ತಾನೆ. ಅದನ್ನೂ ಯಾರಾದರೂ ಬರೆಯಲಿ ಅಂತ ಅಷ್ಟೇ.

ಗಾರ್ಮೆಂಟ್ಸ್ ಮನೆಯವಳು
ಅದು ಬರೆಯಬೇಕಾದ್ದೇ. ಆದರೆ ನಿಮ್ಮ ಮನೆಗೆ ಬರುವ ಹುಡುಗಿ ಹೆಸರಿಗೆ ತೋಟದಲ್ಲಿ ಪಾಲು ಬರೆಯುತ್ತೀರಾ ಅಂತಲೂ ಯೋಚನೆ ಮಾಡಿ.

ಸೂಳೆಕೆರೆ ದಂಡೆ
ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ಬರೆದಿದ್ದರಲ್ಲ, ಉತ್ತರದಲ್ಲಿ ಹುಡುಗಿಯನ್ನು ಗೊತ್ತಿಲ್ಲದ ದೂರದ ಊರಿಗೆ ಕೊಡುತ್ತಾರೆ, ದಕ್ಷಿಣದಲ್ಲಿ ಸೋದರಮಾವ, ಅತ್ತೆ ಮಗ ಅಂತ ನೆಂಟರಲ್ಲೇ ಕೊಡುತ್ತಾರೆ ಅಂತ. ನಮ್ಮ ಚನ್ನಗಿರಿ ಕಡೆ ಹಳೆ ತಲೆಮಾರಲ್ಲಿ ಹೆಣ್ಣು ಪಕ್ಕದೂರಿಗೇ ಹೋಗುತ್ತಿದ್ದಳು. ಜಗಳ ಆದರೆ ಸಂಜೆಗೆ ತವರಲ್ಲಿ ಇರುತ್ತಿದ್ದಳು. ಮದುವೆ ಅಂತ ಒಂದೇ ಖಾನೆಗೆ ಹಾಕಿದರೆ ಇದೂ ಕಾಣಲ್ಲ. ಎಷ್ಟು ದೂರ ಅಂತಲೂ ಕೇಳಿ.

ಇನ್ನೊಂದು. ಹೊರದೇಶ ಅಂದರೆ ಓದಿದವರು ಮಾತ್ರ ಅಂತ ಇಲ್ಲಿ ಮಾತಾಡುತ್ತಿದ್ದಾರೆ. ನಮ್ಮ ತಾಲ್ಲೂಕಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುತ್ತಾ ಆಫ್ರಿಕಾಕ್ಕೆ ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರೂ ಹೋಗಿ ವ್ಯಾಪಾರ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಕೊಂಡ ಕರ್ನಾಟಕದವರಲ್ಲಿ ಅವರೂ ಇದ್ದರು. ಆಪರೇಷನ್ ಕಾವೇರಿಯಲ್ಲಿ ವಾಪಸ್ ಕರೆತಂದರು. ಅವರು ವಾಪಸ್ ಬಂದ ಮೇಲೆ ಟಿವಿಯವರು ಮರೆತರು. ಅವರು ಹೋದಾಗ ಮಕ್ಕಳು ಯಾರ ಹತ್ತಿರ ಇರುತ್ತಾರೆ, ದುಡ್ಡು ಹೇಗೆ ಕಳಿಸುತ್ತಾರೆ, ಇದೆಲ್ಲ ಕೇಳಿ ಬರೆದರೆ ಒಳ್ಳೆ ಕೆಲಸ.

ಶಾಲೆ ಟೀಚರ್
ತಾಂಡಾ ಶಾಲೆಯಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ. ದೀಪಾವಳಿ ಆದ ಮೇಲೆ ಹಾಜರಿ ಪುಸ್ತಕ ಖಾಲಿಯಾಗುತ್ತದೆ. ಚಿಕ್ಕವರು ಅಪ್ಪ ಅಮ್ಮನ ಜೊತೆ ಹೋಗುತ್ತಾರೆ. ಉಳಿಯುವುದು ಅಜ್ಜಿ ಮತ್ತು ಆರೇಳನೇ ಕ್ಲಾಸಿನ ಹುಡುಗಿಯರು. ಹುಡುಗಿ ಮನೆ, ಕುರಿ, ತಮ್ಮಂದಿರನ್ನು ನೋಡಿಕೊಂಡು ಶಾಲೆಗೆ ತಡವಾಗಿ ಬರುತ್ತಾಳೆ, ಆಮೇಲೆ ಬರುವುದೇ ಇಲ್ಲ. ಋತುಮಾನದ ವಸತಿ ಶಾಲೆ ಇದ್ದ ವರ್ಷ ಎಷ್ಟೋ ಮಕ್ಕಳು ಉಳಿದರು. ನಿಮ್ಮ ಪ್ರಬಂಧದಲ್ಲಿ ಊರು ಬಿಟ್ಟವರನ್ನು ಮಾತ್ರ ಕೇಳಬೇಡಿ. ಬಿಡದೆ ಉಳಿದ ಆ ಹುಡುಗಿಯನ್ನೂ ಕೇಳಿ.

ತಾಂಡಾದ ಮಗಳು
ಟೀಚರ್, ಆ ಹುಡುಗಿ ನಾನೇ. ತಮ್ಮಂದಿರಿಗೆ ರೊಟ್ಟಿ ತಟ್ಟಿಟ್ಟು ಶಾಲೆಗೆ ಓಡುತ್ತಿದ್ದೆ. ನನ್ನನ್ನು ಬಿಡದೆ ಕರೆಸಿಕೊಂಡ ಒಬ್ಬ ಟೀಚರ್ ಇದ್ದರು, ಅದಕ್ಕೆ ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಜೊತೆ ಇದ್ದ ಗೆಳತಿಯರು ಬರೆಯುತ್ತಿಲ್ಲ.

ಬಯಲುಸೀಮೆ
ಗೃಹಲಕ್ಷ್ಮಿ 2,000 ರೂಪಾಯಿ ಈಗ ಮನೆ ಯಜಮಾನಿ ಖಾತೆಗೆ ಬರುತ್ತಲ್ಲ. ಅದರಿಂದ ಏನಾದರೂ ಬದಲಾಗಿದೆಯಾ? ಇದನ್ನೂ ಸೇರಿಸಿ.

ಶಾಲೆ ಟೀಚರ್
ಸೇರಿಸಬೇಕು. ಅತ್ತೆ ಹೆಸರಲ್ಲಿ ರೇಷನ್ ಕಾರ್ಡ್ ಇದ್ದರೆ ಅತ್ತೆಗೆ ಬರುತ್ತದೆ. ಸೊಸೆ ತೋಟದಲ್ಲಿ ಇರುತ್ತಾಳೆ. ಅತ್ತೆ ಅದರಲ್ಲೇ ಮೊಮ್ಮಕ್ಕಳನ್ನು ಸಾಕುವ ಮನೆಗಳನ್ನು ನಾನು ನೋಡಿದ್ದೇನೆ.

ಜಗಳೂರಿನವಳು
ಎಲ್ಲರಿಗೂ ಕೈಮುಗಿಯುತ್ತೇನೆ. ಪ್ರಶ್ನಾವಳಿ ಬದಲಿಸುತ್ತಿದ್ದೇನೆ. ಕಾರಣಕ್ಕೆ ಒಂದೇ ಗುರುತು ಅನ್ನೋದನ್ನು ತೆಗೆದೆ. ಮೊದಲ ಸಲ ತೋಟಕ್ಕೆ ಹೋದದ್ದು ಯಾವಾಗ, ಯಾರ ಜೊತೆ, ತೂಕ ಯಾರ ಹೆಸರಿಗೆ ಬಿತ್ತು, ಕೊನೆ ಲೆಕ್ಕಕ್ಕೆ ಯಾರು ಕೂತರು, ಆಗ ಊರಲ್ಲಿ ಮಕ್ಕಳ ಹತ್ತಿರ ಯಾರಿದ್ದರು ಅಂತ ವರ್ಷ ವರ್ಷವಾಗಿ ಕೇಳುತ್ತೇನೆ. ಒಂದು ತೊಂದರೆ, ಇಸವಿ ಕೇಳಿದರೆ ಯಾರಿಗೂ ನೆನಪಿರಲ್ಲ.

ದುರ್ಗದ ಮೇಷ್ಟ್ರು
ಇಸವಿ ಕೇಳಬೇಡ. ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ನಾಯಕನಹಟ್ಟಿ ತೇರು ಪ್ರತಿ ವರ್ಷ. "ಆ ದುಗ್ಗಮ್ಮನ ಜಾತ್ರೆಗೆ ನೀವು ಊರಲ್ಲಿದ್ದಿರಾ, ತೋಟದಲ್ಲಿದ್ದಿರಾ, ಯಾವ ಮಗು ಹೊಟ್ಟೆಯಲ್ಲಿತ್ತು" ಅಂತ ಕೇಳು. ಕರೋನಾದ ಮೊದಲ ಲಾಕ್‌ಡೌನ್ ಎಲ್ಲರಿಗೂ ನೆನಪಿದೆ, ಅದನ್ನು 2020 ಅಂತ ಹಿಡಿದುಕೊಂಡು ಹಿಂದಕ್ಕೆ, ಮುಂದಕ್ಕೆ ಲೆಕ್ಕ ಹಾಕು. ನಾನು ಇದೇ ರೀತಿ ಕೆಲಸ ಮಾಡಿದವನು.

ತೋಟದ ರೈಟರ್
ಮೇಸ್ತ್ರಿಗಳ ಹತ್ತಿರ ಹಳೇ ಲೆಕ್ಕದ ಪುಸ್ತಕ ಇರುತ್ತದೆ. ಕೊಡಲ್ಲ ಅನ್ನುತ್ತಾರೆ. ಕೂತು ಚಹಾ ಕುಡಿದು ಕೇಳಿದರೆ ತೋರಿಸುತ್ತಾರೆ.

ತಾಂಡಾದ ಮಗಳು
ಈಗ ಹೋದರೆ ಬಾಗಿಲು ಹಾಕಿದ ಮನೆಗಳೇ ಸಿಗುತ್ತವೆ. ಹೋಳಿ ಹಬ್ಬಕ್ಕೆ ಎಲ್ಲರೂ ತಾಂಡಾಕ್ಕೆ ವಾಪಸ್ ಬರುತ್ತಾರೆ. ಹಬ್ಬದ ದಿನ ಬೇಡ, ಮುಗಿದ ಮೇಲೆ ಬನ್ನಿ. ಫಾರಂ ಬ್ಯಾಗಲ್ಲೇ ಇರಲಿ. ಗಂಡಸರು ಸಂತೆಗೆ ಹೋಗುವ ದಿನ ನೋಡಿ ಹೇಳುತ್ತೇನೆ, ಯಾಡಿ ಮತ್ತು ಅವಳ ಜೊತೆಯವರನ್ನು ಒಟ್ಟಿಗೆ ಕೂರಿಸುತ್ತೇನೆ. ಲಂಬಾಣಿಯಲ್ಲಿ ಮಾತಾಡಿದರೆ ನಾನು ಪಕ್ಕದಲ್ಲಿರುತ್ತೇನೆ. ನಿಮ್ಮ ನಂಬರ್ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ.